ಸಣ್ಣ ಗಾಯವೂ ಚರ್ಮದ ಕೋಪವೂ

ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದು ಮಳೆಯು ನೆಲೆನಿಂತಿತೆಂದರೆ ನಮ್ಮ ಕಚೇರಿಯ ಕಪಾಟಿನಲ್ಲಿರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬಿಡುವೆಂಬುದಿಲ್ಲ. ಬದಿಯಡ್ಕದ ಸುತ್ತಲಿನ ಊರುಗಳಿಂದ ಮಕ್ಕಳು ಅಡಿಕೆ ತೋಟದ ಹುಣಿಯ ಮೇಲೆ ನಡೆದು, ಪಾಚಿಗಟ್ಟಿದ ಸಂಕಗಳನ್ನು ದಾಟಿ, ಮುರಕಲ್ಲಿನ ಗುಡ್ಡಗಳನ್ನಿಳಿದು ಬರುತ್ತಾರೆ. ಒಬ್ಬನ ಮೊಣಕಾಲು ತರಚಿರುತ್ತದೆ. ಒಬ್ಬಳ ಅಂಗೈಯನ್ನು ಬೇಲಿಯ ಮುಳ್ಳು ಗೀರಿರುತ್ತದೆ. ಮತ್ತೊಬ್ಬನು ಮಲಯಾಳದಲ್ಲಿ ‘ಕಮ್ಯೂನಿಸ್ಟ್ ಪಚ್ಚ’ ಎಂದು ಹೆಸರಾದ ಗಿಡದ ಸೊಪ್ಪನ್ನು ಹಿಂಡಿ ತಾನೇ ವೈದ್ಯ ಮಾಡಿಕೊಂಡು ಬಂದಿರುತ್ತಾನೆ. ತೊಳೆದು, ಒರಸಿ, ಬಟ್ಟೆ ಕಟ್ಟಿ ಕಳುಹಿಸಿದರೆ ಏಳೆಂಟು ದಿನಗಳಲ್ಲಿ ಗುಣವಾಗುತ್ತದೆ. ಗುಣಪಡಿಸಿದವರು ನಾವೆಂದು ನಾವು ತಿಳಿದುಕೊಳ್ಳುವುದುಂಟು. ನಿಜವಾಗಿ ಗುಣಪಡಿಸಿದುದು ಆ ಮಗುವಿನ ಚರ್ಮವೇ.

ಆದರೆ ಗಾಯವನ್ನು ಮಾಯಿಸುವ ಅದೇ ಶಕ್ತಿಯು ಕೆಲವರಲ್ಲಿ ರೋಗದ ಬೀಜವೂ ಆಗುವುದೆಂಬ ಸಂಗತಿಯನ್ನು ನಾವು ಬಹುಕಾಲ ಅರಿತಿರಲಿಲ್ಲ. ಅದನ್ನು ತಿಳಿಯುವಂತೆ ಮಾಡಿದವನು ಎಂಟನೆಯ ತರಗತಿಯ ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ಅವನು ಕಬಡ್ಡಿ ಆಡುವಾಗ ಬಿದ್ದು ಮೊಣಕಾಲಿನಿಂದ ಕೆಳಗೆ ಉದ್ದಕ್ಕೆ ತರಚಿಕೊಂಡನು. ಗಾಯವೇನೋ ಒಣಗಿತು. ಎರಡು ಮೂರು ವಾರಗಳ ಬಳಿಕ, ಎಲ್ಲೆಲ್ಲಿ ತರಚಿತ್ತೋ ಸರಿಯಾಗಿ ಅದೇ ಗೆರೆಯಲ್ಲಿ, ಕೆಂಪಗೆ ದಪ್ಪಗಟ್ಟಿದ ಚರ್ಮವೂ ಅದರ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟೂ ಕಾಣಿಸಿಕೊಂಡವು. ಪಕ್ಕದಲ್ಲಿ ಕುಳಿತ ಹುಡುಗನು ಮನೆಯಲ್ಲಿ ಹೇಳಿದನು. ಮರುದಿನ ಇಬ್ಬರು ತಂದೆಯರು ಬಂದು, ಇದು ಅಂಟುರೋಗ, ನಮ್ಮ ಮಕ್ಕಳನ್ನು ಬೇರೆ ಕೂರಿಸಬೇಕು ಎಂದರು. ನಾವು ಅವರ ಮಕ್ಕಳನ್ನು ಸರಿಸಲಿಲ್ಲ. ಇವನನ್ನೇ ಕಿಟಕಿಯ ಬಳಿಯ ಒಂಟಿ ಬೆಂಚಿಗೆ ಕಳುಹಿಸಿದೆವು. ಆರು ದಿನ ಅವನು ಅಲ್ಲಿ ಕುಳಿತನು. ಏಳನೆಯ ದಿನ ಅವನ ತಾಯಿ ಚರ್ಮವೈದ್ಯರ ಚೀಟಿಯನ್ನು ಹಿಡಿದುಕೊಂಡು ಬಂದು, “ಮಾಷ್ಟ್ರೇ, ಇದು ಒಬ್ಬರಿಂದೊಬ್ಬರಿಗೆ ಬರುವಂಥದ್ದಲ್ಲವಂತೆ. ನೀವು ಓದಿದವರು, ನಿಮಗೂ ಗೊತ್ತಿರಲಿಲ್ಲವೇ?” ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬಳಿಕ ವೈದ್ಯರನ್ನು ಕೇಳಿಯೂ ಗ್ರಂಥಗಳನ್ನು ಓದಿಯೂ ತಿಳಿದುಕೊಂಡುದನ್ನು ಸಂಘದ ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಒಂದು ಸಣ್ಣ ಪ್ರಯೋಗ. ಇದನ್ನು ನಾವು ಈಗ ಪ್ರತಿವರ್ಷವೂ ತರಗತಿಯಲ್ಲಿ ಮಾಡಿಸುತ್ತೇವೆ. ಮುಂಗೈಯ ಒಳಮೈಯ ಮೇಲೆ ಅಡಿಕೋಲಿನ ಮೊಂಡು ಅಂಚಿನಿಂದ, ಗಾಯವಾಗದಂತೆ, ಸ್ವಲ್ಪ ಒತ್ತಿ ಒಂದು ಗೆರೆ ಎಳೆಯಿರಿ. ಕೆಲವು ಕ್ಷಣಗಳಲ್ಲಿ ಆ ಗೆರೆ ಕೆಂಪಾಗುತ್ತದೆ. ಆಮೇಲೆ ಅದರ ಇಕ್ಕೆಲಗಳಿಗೂ ನಸುಗೆಂಪು ಹರಡುತ್ತದೆ. ಒತ್ತು ಹೆಚ್ಚಾಗಿದ್ದರೆ, ಅಥವಾ ಚರ್ಮವು ಸೂಕ್ಷ್ಮವಾಗಿದ್ದರೆ, ಎರಡು ಮೂರು ನಿಮಿಷಗಳಲ್ಲಿ ಗೆರೆಯೇ ದಡಿಕೆಯಾಗಿ ಏಳುತ್ತದೆ. ಲಂಡನ್ನಿನ ವೈದ್ಯ ಸರ್ ಥಾಮಸ್ ಲೂಯಿಸ್ ಎಂಬವರು 1920ರ ದಶಕದಲ್ಲಿ ಈ ಮೂರು ಮೆಟ್ಟಿಲುಗಳನ್ನು ಕೂಲಂಕಷವಾಗಿ ವರ್ಣಿಸಿದರು. ಚರ್ಮದಲ್ಲಿ ‘ಮಾಸ್ಟ್ ಕೋಶ’ಗಳೆಂಬ ಕಾವಲುಗಾರ ಜೀವಕೋಶಗಳಿವೆ. ಅವುಗಳ ಒಡಲಲ್ಲಿ ಹಿಸ್ಟಮಿನ್ ಮೊದಲಾದ ದ್ರವ್ಯಗಳ ಸಣ್ಣ ಸಣ್ಣ ಗಂಟುಗಳು ಕಟ್ಟಿಟ್ಟಂತೆ ಸಿದ್ಧವಾಗಿರುತ್ತವೆ. ಪೆಟ್ಟು ತಗಲಿದೊಡನೆ ಗಂಟು ಬಿಚ್ಚುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆಯಿಂದ ದ್ರವವು ಸೋರಿ ಊತವಾಗುತ್ತದೆ. ನಡುವಣ ನಸುಗೆಂಪಿನ ಹರಹು ನರಗಳ ಕೆಲಸ. ರಕ್ತದ ಒಂದು ಹನಿಯೂ ಬೀಳದೆ, ಒಂದು ರೋಗಾಣುವೂ ಪ್ರವೇಶಿಸದೆ, ಬರಿಯ ಅಡಿಕೋಲಿನ ಗೆರೆಗೆ ಚರ್ಮವು ಇಷ್ಟೆಲ್ಲ ಎಚ್ಚರಗೊಳ್ಳುತ್ತದೆಂಬುದನ್ನು ವಾಚಕರು ಗಮನದಲ್ಲಿಡಬೇಕು. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಕೆಂಪು, ಬಿಸಿ, ಬಾವು, ನೋವು ಎಂಬ ನಾಲ್ಕು ಲಕ್ಷಣಗಳನ್ನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಬರೆದಿಟ್ಟಿದ್ದಾನೆ. ಇದನ್ನೇ ಈಗಿನ ಪುಸ್ತಕಗಳಲ್ಲಿ ಉರಿಯೂತವೆಂದು ಕರೆಯುತ್ತಾರೆ. ನಮ್ಮ ಸೀಮೆಯ ಹಿರಿಯರು ಗಾಯ ಕೆಂಪಾಗಿ ಊದಿಕೊಂಡರೆ ‘ನಂಜಾಯಿತು’ ಎನ್ನುತ್ತಾರೆ. ಬದನೆ, ಒಣಮೀನು ಮುಂತಾದವುಗಳನ್ನು ನಂಜಿನ ಪದಾರ್ಥಗಳೆಂದು ಬಿಡಿಸುತ್ತಾರೆ. ಆ ಪಥ್ಯದ ವಿಚಾರವಾಗಿ ನಾವು ವಾದಿಸುವುದಿಲ್ಲ. ಆದರೆ ಗಾಯ ಬೇರೆ, ಗಾಯಕ್ಕೆ ದೇಹವು ತೋರುವ ಕೋಪ ಬೇರೆ ಎಂಬ ಭೇದವನ್ನು ಆ ಒಂದು ಮಾತಿನಲ್ಲಿ ಅವರು ಹಿಡಿದಿಟ್ಟಿದ್ದಾರೆಂಬುದು ನಮಗೆ ಮೆಚ್ಚುಗೆಯಾಗಿದೆ.

ಆ ಕೋಪದ ಉದ್ದೇಶವೇನು? ಇದನ್ನು ಮೊದಲು ಕಣ್ಣಾರೆ ಕಂಡವನು ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾ ಎಂಬಲ್ಲಿ ಅವನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಗೆ ಗುಲಾಬಿಯ ಮುಳ್ಳೊಂದನ್ನು ಚುಚ್ಚಿಟ್ಟನು. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚಲಿಸುವ ಜೀವಕೋಶಗಳು ಆ ಮುಳ್ಳನ್ನು ಸುತ್ತಿಕೊಂಡಿದ್ದವು. ಪರಕೀಯ ವಸ್ತುವನ್ನು ನುಂಗುವ ಕೋಶಗಳು ಪ್ರಾಣಿಯ ಮೈಯಲ್ಲಿಯೇ ಇವೆಯೆಂಬ ಅವನ ಸಿದ್ಧಾಂತ ಇದರಿಂದ ಹುಟ್ಟಿತು; 1908ರಲ್ಲಿ ಪಾಲ್ ಎರ್ಲಿಖ್‌ನೊಡನೆ ನೊಬೆಲ್ ಪಾರಿತೋಷಕವೂ ಬಂದಿತು. ನಮ್ಮ ಹುಡುಗನ ಮೊಣಕಾಲಿನಲ್ಲಿ ನಡೆಯುವುದೂ ಅದೇ. ಚರ್ಮದ ಮೇಲ್ಪದರದ ಜೀವಕೋಶಗಳು ಹರಿದಾಗ, ಅವು ತಮ್ಮಲ್ಲಿ ಮೊದಲೇ ಕೂಡಿಟ್ಟ ಇಂಟರ್‌ಲ್ಯೂಕಿನ್ ಮೊದಲಾದ ಕರೆಯೋಲೆಗಳನ್ನು ಹೊರಚೆಲ್ಲುತ್ತವೆ. ಕೆಲವೇ ತಾಸುಗಳಲ್ಲಿ ನ್ಯೂಟ್ರೋಫಿಲ್‌ಗಳೆಂಬ ಶ್ವೇತಕಣಗಳು ರಕ್ತದಿಂದ ಹೊರಬಂದು ರೋಗಾಣುಗಳನ್ನು ನುಂಗತೊಡಗುತ್ತವೆ. ಒಂದೆರಡು ದಿನಗಳಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳು ಬರುತ್ತವೆ. ಇವು ಸತ್ತ ನ್ಯೂಟ್ರೋಫಿಲ್‌ಗಳನ್ನೂ ಕಸವನ್ನೂ ತಿಂದು, ಇನ್ನು ಯುದ್ಧ ಸಾಕು, ಮನೆ ಕಟ್ಟೋಣ ಎಂಬಂಥ ಸೂಚನೆಯನ್ನು ಕೊಡುತ್ತವೆ.

ಈ ‘ಸಾಕು’ ಎಂಬುದೇ ಮುಖ್ಯವಾದ ಘಟ್ಟ. ಊರಿನಲ್ಲಿ ಬೆಂಕಿ ಬಿದ್ದಾಗ ಕೊಡಪಾನ ಹಿಡಿದು ಓಡಿಬಂದವರು ಬೆಂಕಿ ಆರಿದ ಮೇಲೆಯೂ ಮನೆಯೊಳಗೆ ನೀರು ಹೊಯ್ಯುತ್ತಲೇ ಇದ್ದರೆ ಗೋಡೆ ಉಳಿದೀತೇ? ಉರಿಯೂತವು ತಾನಾಗಿ ಬಳಲಿ ನಿಲ್ಲುವುದೆಂದು ಹಿಂದೆ ಎಣಿಸಿದ್ದರು. ಹಾಗಲ್ಲ, ಅದನ್ನು ನಿಲ್ಲಿಸುವುದಕ್ಕೂ ಬೇರೆಯೇ ರಾಸಾಯನಿಕ ಸಂಕೇತಗಳೂ ಪ್ರತ್ಯೇಕ ಕೋಶಗಳೂ ಇವೆಯೆಂಬುದು ಈಗ ಸ್ಥಾಪಿತವಾಗಿದೆ. ಆರಂಭಿಸುವ ಶಕ್ತಿಯು ಎಲ್ಲರಲ್ಲಿಯೂ ಉಂಟು; ನಿಲ್ಲಿಸುವ ಶಕ್ತಿಯಲ್ಲಿ, ಇಲ್ಲವೆ ಯಾವುದು ಶತ್ರು ಯಾವುದು ಅಲ್ಲ ಎಂಬ ವಿವೇಚನೆಯಲ್ಲಿ, ಕೆಲವರಿಗೆ ಹುಟ್ಟಿನಿಂದಲೇ ವ್ಯತ್ಯಾಸವಿರುತ್ತದೆ. ದೀರ್ಘಕಾಲದ ಚರ್ಮರೋಗಗಳಲ್ಲಿ ಎಷ್ಟೋ ಈ ವ್ಯತ್ಯಾಸದಿಂದ ಹುಟ್ಟತಕ್ಕವು.

ನಮ್ಮ ಹುಡುಗನಿಗಿದ್ದುದು ಸೋರಿಯಾಸಿಸ್. ಅವನ ತಲೆಯಲ್ಲಿ ಮೊದಲೇ ಒಂದು ಮಚ್ಚೆ ಇದ್ದಿತು. ಎಲ್ಲರೂ ಅದನ್ನು ಹೊಟ್ಟೆಂದು ತಿಳಿದಿದ್ದರು. ಈ ರೋಗವಿರುವವರ ಆರೋಗ್ಯವಾದ ಚರ್ಮಕ್ಕೆ ಪೆಟ್ಟಾದರೆ ಪೆಟ್ಟಿನ ಗೆರೆಯಲ್ಲಿಯೇ ರೋಗವು ಮೂಡುವುದನ್ನು 1870ರ ದಶಕದಲ್ಲಿ ಹೈನ್ರಿಖ್ ಕೋಬ್ನರ್ ಎಂಬ ಜರ್ಮನ್ ಚರ್ಮವೈದ್ಯನು ಪ್ರಕಟಿಸಿದನು. ಅವನ ರೋಗಿಗೆ ತರಚುಗಾಯದಲ್ಲಿಯೂ ಕುದುರೆ ಕಚ್ಚಿದಲ್ಲಿಯೂ ಹಚ್ಚೆ ಚುಚ್ಚಿಸಿಕೊಂಡಲ್ಲಿಯೂ ಮಚ್ಚೆಗಳೆದ್ದಿದ್ದವು. ಇದಕ್ಕೆ ಇಂದಿಗೂ ಕೋಬ್ನರ್ ವಿದ್ಯಮಾನವೆಂದೇ ಹೆಸರು. ಸೋರಿಯಾಸಿಸ್ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುವುದುಂಟು. ಸಾಮಾನ್ಯವಾಗಿ ಪೆಟ್ಟಾದ 10ರಿಂದ 20 ದಿನಗಳೊಳಗೆ.

ಇದರ ಒಳಗುಟ್ಟು ಬಯಲಾದುದು ತೀರ ಈಚೆಗೆ. ಪೆಟ್ಟಾದಾಗ ಚರ್ಮದ ಕೋಶಗಳು ರೋಗಾಣುಗಳನ್ನು ಕೊಲ್ಲುವ ಒಂದು ಸಣ್ಣ ಪ್ರೋಟೀನನ್ನು ಸ್ರವಿಸುತ್ತವೆ. ಅದರ ಹೆಸರು ಎಲ್‌ಎಲ್-37. ಸತ್ತ ಕೋಶಗಳಿಂದ ಹೊರಬಿದ್ದ ನಮ್ಮದೇ ಡಿಎನ್‌ಎ ಎಂಬ ವಂಶದ್ರವ್ಯಕ್ಕೆ ಇದು ಅಂಟಿಕೊಂಡರೆ, ಚರ್ಮದ ಕಾವಲು ಕೋಶಗಳು ಅದನ್ನು ವೈರಸ್ಸಿನ ವಂಶದ್ರವ್ಯವೆಂದು ಭ್ರಮಿಸಿ ಕೂಗೆಬ್ಬಿಸುತ್ತವೆಂದು 2007ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಆ ಕೂಗಿಗೆ ‘ಟಿ’ ಕೋಶಗಳು ಎದ್ದುಬಂದು ಇಂಟರ್‌ಲ್ಯೂಕಿನ್-17 ಎಂಬ ದ್ರವ್ಯವನ್ನು ಸುರಿಸುತ್ತವೆ. ಅದು ಚರ್ಮದ ಕೋಶಗಳನ್ನು ಅವಸರಪಡಿಸುತ್ತದೆ. ಮೇಲ್ಪದರದ ಒಂದು ಕೋಶವು ಕೆಳಗೆ ಹುಟ್ಟಿ ಮೇಲೆ ಬಂದು ಉದುರುವುದಕ್ಕೆ ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್‌ನಲ್ಲಿ ಮೂರರಿಂದ ಐದು ದಿನಗಳಲ್ಲಿಯೇ ಅವು ಬಲಿಯದೆ ಮೇಲೆ ಬಂದು ರಾಶಿಬೀಳುತ್ತವೆ. ಬೆಳ್ಳಿಯ ಬಣ್ಣದ ಆ ಹೊಟ್ಟು ಇದೇ. ಹೀಗೆ ಅವಸರಪಟ್ಟ ಕೋಶಗಳು ಮತ್ತೆ ಕರೆಯೋಲೆ ಕಳುಹಿಸುತ್ತವೆ, ಮತ್ತೆ ‘ಟಿ’ ಕೋಶಗಳು ಬರುತ್ತವೆ, ಚಕ್ರ ನಿಲ್ಲುವುದಿಲ್ಲ. ಮಚ್ಚೆಯು ಮಾಸಿದ ಮೇಲೆಯೂ ಕೆಲವು ‘ಟಿ’ ಕೋಶಗಳು ಆ ಜಾಗದಲ್ಲಿಯೇ ಬಿಡಾರ ಹೂಡಿ ನೆನಪಿಟ್ಟುಕೊಂಡಿರುತ್ತವೆ. ಮಕರ ತಿಂಗಳ ಚಳಿಯಲ್ಲಿ ಹಳೆಯ ಜಾಗದಲ್ಲಿಯೇ ರೋಗವು ಮರುಕಳಿಸುವುದಕ್ಕೆ ಇದೊಂದು ಕಾರಣ.

ಇಲ್ಲಿ ರೋಗಾಣುವೆಲ್ಲಿದೆ? ಅಂಟುವುದಕ್ಕೆ ಏನಿದೆ? ಆ ಆರು ದಿನಗಳ ಬೆಂಚಿಗೆ ಶಾಸ್ತ್ರದ ಯಾವ ಆಧಾರವೂ ಇರಲಿಲ್ಲ. ಇಂಟರ್‌ಲ್ಯೂಕಿನ್-17ನ್ನೇ ತಡೆಯುವ ಚುಚ್ಚುಮದ್ದುಗಳು 2015ರಿಂದೀಚೆಗೆ ಬಳಕೆಗೆ ಬಂದಿವೆ. ಬೆಲೆ ಮಾತ್ರ ಬಡವರ ಕೈಗೆ ಎಟಕುವಂಥದ್ದಲ್ಲ. ಲೇಪನ, ನೇರಳಾತೀತ ಕಿರಣ, ಮಾತ್ರೆಗಳೂ ಇವೆ. ತೊನ್ನಿನಲ್ಲಿಯೂ ಕೋಬ್ನರನ ವಿದ್ಯಮಾನವುಂಟು: ಉಡಿದಾರ ಒತ್ತುವಲ್ಲಿ, ಚಪ್ಪಲಿಯ ಪಟ್ಟಿ ಉಜ್ಜುವಲ್ಲಿ ಬಿಳಿಯ ಕಲೆ ಮೂಡುವುದನ್ನು ಹಲವರು ಕಂಡಿರಬಹುದು. ಅದೂ ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮದುವೆಯ ಮಾತುಕತೆಗಳಲ್ಲಿ ಇದನ್ನು ಹೇಳುವ ಧೈರ್ಯ ನಮ್ಮ ಊರುಗಳಲ್ಲಿ ಇನ್ನೂ ಬರಬೇಕಾಗಿದೆ.

ಶಾಲೆಯಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವುದು ತುರಿಕೆಯ ಇಸುಬು. ಇದರಲ್ಲಿ ದೋಷವು ಗೋಡೆಯಲ್ಲಿಯೇ ಇರುತ್ತದೆ. ಮೇಲ್ಪದರವನ್ನು ಗಟ್ಟಿಗೊಳಿಸುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಕೊರತೆಯಿದ್ದವರಿಗೆ ಇಸುಬು ಬರುವ ಸಂಭವ ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡಿ ನಗರದ ಸಂಶೋಧಕರು ಮತ್ತು ಅವರ ಜೊತೆಗಾರರು 2006ರಲ್ಲಿ ತೋರಿಸಿಕೊಟ್ಟರು. ಗೋಡೆ ಬಿರುಕಾದರೆ ಧೂಳು ಒಳಹೋಗುತ್ತದೆ, ತುರಿಕೆ ಹುಟ್ಟುತ್ತದೆ; ತುರಿಸಿದರೆ ಬಿರುಕು ಹೆಚ್ಚುತ್ತದೆ. ತುರಿಸುವುದೂ ಸಣ್ಣ ಗಾಯವೇ ತಾನೇ, ದಿನಕ್ಕೆ ನೂರು ಸಲ ಮಾಡಿಕೊಳ್ಳುವ ಗಾಯ! ಅಮೆರಿಕದ ಪಿಟ್ಸ್‌ಬರ್ಗಿನ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿ 2025ರ ಆರಂಭದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಮನರಂಜಕವಾಗಿದೆ. ಅಲರ್ಜಿಯುಂಟಾದ ಇಲಿಗಳಲ್ಲಿ ಕೆಲವಕ್ಕೆ ತುರಿಸಿಕೊಳ್ಳಲಾಗದಂತೆ ಕೊರಳಿಗೆ ಪಟ್ಟಿ ತೊಡಿಸಿದರು. ತುರಿಸಿಕೊಂಡ ಇಲಿಗಳಲ್ಲಿ ಊತ ಹೆಚ್ಚು, ಪಟ್ಟಿ ತೊಟ್ಟವುಗಳಲ್ಲಿ ಕಡಿಮೆ. ತುರಿಸುವಾಗ ನರದ ತುದಿಗಳು ಹೊರಬಿಡುವ ದ್ರವ್ಯವು ಮಾಸ್ಟ್ ಕೋಶಗಳನ್ನು ಮತ್ತೊಂದು ದಾರಿಯಿಂದ ಕೆರಳಿಸುವುದೇ ಕಾರಣ. ಆದರೆ ತುರಿಸಿಕೊಂಡ ಚರ್ಮದ ಮೇಲೆ ಒಂದು ಜಾತಿಯ ಕೆಟ್ಟ ಬ್ಯಾಕ್ಟೀರಿಯಗಳೂ ಕಡಿಮೆಯಾಗಿದ್ದವು! ತುರಿಸುವುದು ಹಿತವೆನಿಸುವುದೇಕೆಂಬುದಕ್ಕೆ ಪ್ರಕೃತಿಯ ಸಮಾಧಾನವು ಇದಾಗಿರಬಹುದು. ಹಾಗೆಂದು ಇಸುಬಿನ ಮಕ್ಕಳಿಗೆ ತುರಿಸಲು ನಾವು ಅನುಮತಿ ಕೊಟ್ಟಂತಾಯಿತೆಂದು ಯಾರೂ ತಿಳಿಯಬಾರದು. ಉಗುರು ಕತ್ತರಿಸಿ, ಸ್ನಾನವಾದೊಡನೆ ಮೈ ಹಸಿಯಿರುವಾಗಲೇ ವೈದ್ಯರು ಹೇಳಿದ ಲೇಪನವನ್ನು ಹಚ್ಚುವುದೇ ಲೇಸು. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರಕೆಯ ಮುಲಾಮನ್ನು ಗಜಕರ್ಣಕ್ಕೂ ಇಸುಬಿಗೂ ಒಂದೇ ಎಂದು ಬಳಿಯುವ ಅಭ್ಯಾಸವಂತೂ ಬಲು ಕೆಟ್ಟದು. ಉರಿಯೂತವು ಅಡಗಿದಂತೆ ತೋರುತ್ತದೆ. ಕೆಳಗೆ ಶಿಲೀಂಧ್ರವು ನಿರಾತಂಕವಾಗಿ ಹಬ್ಬುತ್ತದೆ.

ಇದುವರೆಗೆ ಹೇಳಿದುದು ಚರ್ಮವು ತಪ್ಪಾಗಿ ಕೋಪಿಸಿಕೊಳ್ಳುವ ರೋಗಗಳ ವಿಚಾರ. ಕೋಪವು ನ್ಯಾಯವಾದದ್ದೇ ಆಗಿದ್ದು, ಅದು ಪದೇ ಪದೇ ಮರುಕಳಿಸುವುದರಿಂದಲೇ ಅಂಗವು ಕೆಡುವ ಉದಾಹರಣೆ ನಮ್ಮ ಸೀಮೆಯಲ್ಲಿಯೇ ಇದೆ. ಅದು ಆನೆಕಾಲು. ಈ ರೋಗವು ಸೊಳ್ಳೆಯಿಂದ ಬರುವುದೆಂದು ಪಾಠಪುಸ್ತಕದಲ್ಲಿ ಓದಿಸುತ್ತೇವೆ. ಅದು ನಿಜವೇ, ಫೈಲೇರಿಯ ಹುಳುಗಳು ದುಗ್ಧನಾಳಗಳಲ್ಲಿ ನೆಲೆಸಿ ಅವುಗಳನ್ನು ಕೆಡಿಸುತ್ತವೆ. ಆದರೆ ಹುಳು ಸತ್ತು ಎಷ್ಟೋ ವರ್ಷಗಳಾದ ಬಳಿಕವೂ ಕಾಲು ದಪ್ಪವಾಗುತ್ತಲೇ ಹೋಗುವುದೇಕೆ? ಕಾರಣವು ಬೆರಳ ಸಂದಿಯಲ್ಲಿದೆ. ಆಟಿ ತಿಂಗಳಲ್ಲಿ ದಿನವಿಡೀ ತೋಟದ ನೀರಿನಲ್ಲಿ ನಿಂತವರ ಬೆರಳ ಸಂದಿ ಬೆಳ್ಳಗೆ ಕೊಳೆತು ಕೆಸರುಹುಣ್ಣಾಗುತ್ತದೆ, ಹಿಮ್ಮಡಿ ಒಡೆಯುತ್ತದೆ. ಆರೋಗ್ಯವಂತನಿಗೆ ಇದು ಲೆಕ್ಕಕ್ಕಿಲ್ಲದ ಗಾಯ. ದುಗ್ಧನಾಳ ಕೆಟ್ಟವನಿಗೆ ಹಾಗಲ್ಲ. ಆ ಬಿರುಕಿನಿಂದ ಬ್ಯಾಕ್ಟೀರಿಯಗಳು ಒಳನುಗ್ಗಿದರೆ ಅಲ್ಲಿ ಸೇರಿದ ದ್ರವವು ಹರಿದುಹೋಗದೆ ನಿಂತಿರುವುದರಿಂದ ಅವು ಬೇಗನೆ ಹೆಚ್ಚುತ್ತವೆ. ನಡುಕದ ಜ್ವರ ಬಂದು, ಕಾಲು ಕೆಂಪೇರಿ, ತೊಡೆಯ ಸಂದಿನಲ್ಲಿ ಗಡ್ಡೆ ಕಟ್ಟಿ, ನಾಲ್ಕೈದು ದಿನ ಮಲಗಿಸುತ್ತದೆ. ಇಂತಹ ಒಂದೊಂದು ಉರಿಯೂತವೂ ಉಳಿದ ನಾಳಗಳಲ್ಲಿ ಇನ್ನಷ್ಟನ್ನು ಮುಚ್ಚಿ, ಚರ್ಮವನ್ನು ಇನ್ನಷ್ಟು ದಪ್ಪಗೊಳಿಸಿ ಹೋಗುತ್ತದೆ. ವರ್ಷಕ್ಕೆ ಎರಡು ಮೂರು ಸಲವಾದರೆ ಹತ್ತು ವರ್ಷಗಳಲ್ಲಿ ಆ ಕಾಲಿನ ಗತಿಯೇನು?

ಈ ವಿಷಯದಲ್ಲಿ ದಾರಿ ತೋರಿದ ಸಂಸ್ಥೆಯು ನಮಗೆ ಬಲು ದೂರದಲ್ಲಿಲ್ಲ. 1999ರಲ್ಲಿ ಆರಂಭವಾದ ‘ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ’ಯು ಕಾಸರಗೋಡಿನ ಬಳಿಯ ಉಳಿಯತ್ತಡ್ಕದಲ್ಲಿದೆ. ಚರ್ಮವೈದ್ಯ ಡಾ. ಎಸ್. ಆರ್. ನರಹರಿಯವರೂ ಅವರ ಸಂಗಡಿಗರೂ, ಆಕ್ಸ್‌ಫರ್ಡಿನ ಪ್ರೊಫೆಸರ್ ಟೆರೆನ್ಸ್ ರಯನ್ನರ ಸಹಕಾರದೊಂದಿಗೆ, ಆಧುನಿಕ ವೈದ್ಯ, ಆಯುರ್ವೇದ, ಯೋಗ ಇವನ್ನು ಕೂಡಿಸಿ ಬಾತ ಕಾಲುಗಳಿಗೆ ಒಂದು ಚಿಕಿತ್ಸಾಕ್ರಮವನ್ನು ರೂಪಿಸಿದರು. ಆ ಕ್ರಮದ ಮೊದಲ ಮೆಟ್ಟಿಲು ಔಷಧವಲ್ಲ, ತೊಳೆಯುವುದು! ಸೋಪು ಹಚ್ಚಿ ಬೆರಳ ಸಂದಿಸಂದಿಯನ್ನೂ ತೊಳೆದು, ಒಣಗಿಸಿ, ಗಿಡಮೂಲಿಕೆಯ ಕಷಾಯದಲ್ಲಿ ಕಾಲಿಟ್ಟು, ಎಣ್ಣೆ ಹಚ್ಚಿ ತಿಕ್ಕಿ, ಉಸಿರಿನ ಮತ್ತು ಅಂಗಾಂಗಗಳ ವ್ಯಾಯಾಮ ಮಾಡಿಸಿ, ಕೊನೆಗೆ ಬಿಗಿಯಾದ ಪಟ್ಟಿ ಸುತ್ತುತ್ತಾರೆ. ಮನೆಯಲ್ಲಿ ತಾವೇ ಮಾಡಿಕೊಳ್ಳುವಂತೆ ರೋಗಿಗೂ ಮನೆಯವರಿಗೂ ಕಲಿಸುತ್ತಾರೆ. ಇದೇ ಕ್ರಮವನ್ನು ಕರ್ನಾಟಕದ ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಗ್ರಾಮಗಳಲ್ಲಿಯೂ ಪರೀಕ್ಷಿಸಿ ಅದರ ಫಲವನ್ನು 2013ರಲ್ಲಿ ಪ್ರಕಟಿಸಿದರು. ಬಿರುಕುಗಳು ಮುಚ್ಚಿದಂತೆ ಜ್ವರದ ಸರದಿಗಳು ಕಡಿಮೆಯಾದುವು. ಕಾಲಿನ ಗಾತ್ರವೂ ಇಳಿಯಿತು. ಬೆರಳ ಸಂದಿಯ ಹುಣ್ಣಿಗೂ ಆನೆಯ ಕಾಲಿನಂಥ ಕಾಲಿಗೂ ಇರುವ ನಂಟಿಗೆ ಇದಕ್ಕಿಂತ ಮಿಗಿಲಾದ ಪ್ರಮಾಣ ಬೇಕೇ?

ಅಂದಿನಿಂದ ಕಚೇರಿಯ ಪೆಟ್ಟಿಗೆಯ ಬಳಕೆಯಲ್ಲಿ ಒಂದೆರಡು ಬದಲಾವಣೆಗಳನ್ನು ಮಾಡಿದ್ದೇವೆ. ತರಚುಗಾಯಕ್ಕೆ ಮೊದಲು ಸುರಿಯುವ ಶುದ್ಧ ನೀರು ಮತ್ತು ಸೋಪು. ಮಣ್ಣಿನ ಕಣ ಉಳಿಯಬಾರದು. ಉರಿಯುವ ಔಷಧವನ್ನು ಸುರಿದು ಮಗುವನ್ನು ಕೂಗಿಸುವ ಹಳೆಯ ಪದ್ಧತಿಯನ್ನು ಬಿಟ್ಟಿದ್ದೇವೆ. ಅದು ಹೊಸ ಕೋಶಗಳನ್ನೂ ಸುಡುತ್ತದೆ. ಮಳೆಗಾಲದಲ್ಲಿ ಒದ್ದೆ ಕಾಲುಗಳನ್ನು ಒರಸಿಕೊಳ್ಳಲು ಬಾಗಿಲಲ್ಲಿ ಒಣಬಟ್ಟೆ ಇಡುತ್ತೇವೆ. ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ಆ ದಿನವೇ ವೈದ್ಯರಲ್ಲಿಗೆ. ಚರ್ಮದ ರೋಗವಿರುವ ಮಕ್ಕಳು ಬಿದ್ದರೆ ಮನೆಗೆ ಚೀಟಿ ಬರೆಯುತ್ತೇವೆ, ಬೆಂಚು ಬದಲಿಸುವುದಿಲ್ಲ.

ಆ ಹುಡುಗನನ್ನು ಏಳನೆಯ ದಿನವೇ ಹಳೆಯ ಜಾಗಕ್ಕೆ ಕರೆತಂದು, ತಪ್ಪು ನಮ್ಮದೆಂದು ತರಗತಿಯ ಎದುರಿಗೆ ಹೇಳಿದೆವು. ಆ ಇಬ್ಬರು ತಂದೆಯರಲ್ಲಿ ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಇವನು ಇನ್ನು ಕಬಡ್ಡಿ ಆಡಬಾರದೇ ಎಂದು ವೈದ್ಯರನ್ನು ಕೇಳಿದುದಕ್ಕೆ, “ಆಡಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಆಡಲಿ” ಎಂದರು. ಹತ್ತನೆಯ ತರಗತಿಯವರೆಗೂ ಆಡಿದನು. ಎರಡು ಸಲ ಬಿದ್ದನು. ಒಂದು ಗಾಯದಲ್ಲಿ ಹೊಟ್ಟು ಎದ್ದಿತು, ಇನ್ನೊಂದರಲ್ಲಿ ಏಳಲಿಲ್ಲ.